ಚಂದ್ರನನ್ನು ಕಾಯದ ಹಬ್ಬ

ಜೆರುಸಲೇಮಿನ ಮಹನೆ ಯೆಹೂದಾ ಮಾರುಕಟ್ಟೆಗೆ ಶುಕ್ರವಾರ ಮಾತ್ರ ಹೋಗಬೇಡಿ ಎನ್ನುವವರು ಇದ್ದಾರೆ, ಹೋದರೆ ಶುಕ್ರವಾರವೇ ಹೋಗಿ ಎನ್ನುವವರೂ ಇದ್ದಾರೆ. ನಾನು ಎರಡನೆಯವರ ಮಾತು ಕೇಳಿದೆ. ಯಾಫೋ ರಸ್ತೆಯ ಕಡೆಯಿಂದ ಒಳಹೊಕ್ಕ ಮೇಲೆ ಅಗ್ರಿಪ್ಪಾಸ್ ರಸ್ತೆಗೆ ಹೊರಬೀಳುವತನಕ ನಿಲ್ಲುವುದು, ತಿರುಗುವುದು ಯಾವುದೂ ನಮ್ಮ ಕೈಯಲ್ಲಿ ಇರುವುದಿಲ್ಲ. ಜಡೆಯ ಹಾಗೆ ಹೆಣೆದ ಹಲ್ಲಾ ರೊಟ್ಟಿಗಳನ್ನು ಒಲೆಯಿಂದ ತೆಗೆದದ್ದೇ ತಡ, ಬಿಸಿ ಆರುವ ಮುಂಚೆ ಖಾಲಿ. ಮೀನಂಗಡಿಯವನ ಕೈಗೆ ಬಿಡುವಿಲ್ಲ. ಖರ್ಜೂರ, ದಾಳಿಂಬೆ, ಉಪ್ಪಿನಲ್ಲಿ ನೆನೆಸಿದ ಆಲಿವ್, ಎಳ್ಳಿನ ಹಲ್ವದ ದೊಡ್ಡ ದೊಡ್ಡ ಗಾಲಿಗಳು. ಮಧ್ಯಾಹ್ನ ದಾಟಿದ ಮೇಲೆ ಕೂಗಾಟದ ಧಾಟಿ ಬದಲಾಗುತ್ತದೆ. ಬೆಲೆ ಇಳಿಯುತ್ತದೆ, ದನಿ ಏರುತ್ತದೆ. ಕಪ್ಪು ಕೋಟಿನ ಕೆಲವರು ಓಣಿ ಓಣಿ ತಿರುಗಿ ಇನ್ನೂ ಬಾಗಿಲು ಎಳೆಯದವರನ್ನು ಅವಸರ ಮಾಡುತ್ತಿದ್ದರು. ಅಂಗಡಿಯವರು ತಲೆಯಾಡಿಸಿ ಇನ್ನೊಂದು ಕಿಲೋ ತೂಗುತ್ತಿದ್ದರು.

ಚಳಿಗಾಲ. ಸೂರ್ಯ ನಾಲ್ಕೂವರೆಯ ಸುಮಾರಿಗೆ ಮುಳುಗುತ್ತಾನೆ. ಯಹೂದಿಗಳ ವಾರದ ವಿಶ್ರಾಂತಿಯ ದಿನ, ಶನಿವಾರದ ಶಬ್ಬಾತ್, ಶುಕ್ರವಾರ ಸಂಜೆಯೇ ಶುರು. ಅದರ ದೀಪವನ್ನು ಬೇರೆ ಊರುಗಳಲ್ಲಿ ಸೂರ್ಯಾಸ್ತಕ್ಕೆ ೧೮ ನಿಮಿಷ ಮುಂಚೆ ಹಚ್ಚುವುದು ವಾಡಿಕೆ. ಜೆರುಸಲೇಮಿನವರು ಇನ್ನೂ ಹುಷಾರು, ೪೦ ನಿಮಿಷ ಮುಂಚೆ. ಅಂದರೆ ನಾಲ್ಕು ಗಂಟೆಗೆ ಮುಂಚೆಯೇ ಮನೆ ಸೇರಿರಬೇಕು. ಅಷ್ಟರೊಳಗೆ ಬಸ್ಸು ನಿಲ್ಲುತ್ತವೆ, ೨೦೧೧ರಲ್ಲಿ ಶುರುವಾದ ನಗರದ ರೈಲೂ ನಿಲ್ಲುತ್ತದೆ. ದೇಶದ ವಿಮಾನ ಸಂಸ್ಥೆ ಎಲ್ ಆಲ್ ಕೂಡ ೧೯೮೨ರಿಂದ ಶಬ್ಬಾತಿನಂದು ಹಾರುವುದಿಲ್ಲ. ವರ್ಷಕ್ಕೊಮ್ಮೆ ಬರುವ ಹಬ್ಬಕ್ಕೆ ಒಂದು ಊರು ಹೀಗೆ ಸಿದ್ಧವಾಗುವುದನ್ನು ನಾವೆಲ್ಲ ನೋಡಿದವರೇ. ಇದು ವಾರವಾರದ ಗಡಿಬಿಡಿ. ಮುಂದಿನ ಶುಕ್ರವಾರವೂ ಇದೇ ಜನ, ಇದೇ ಓಟ.

ಆ ಜನಜಂಗುಳಿಯಲ್ಲೇ ನಾನು ಒಬ್ಬರನ್ನು ಹುಡುಕಬೇಕಿತ್ತು. ಹುಬ್ಬಳ್ಳಿಯಲ್ಲಿ ನಮ್ಮ ಓಣಿಯಲ್ಲಿರುವ ಉಡುಪಿ ಕಡೆಯ ಕುಟುಂಬವೊಂದು ನನ್ನ ಕೈಗೆ ಒಂದು ಗಂಟು ಕೊಟ್ಟಿತ್ತು. ಅವರ ಮನೆಯ ಹೆಣ್ಣುಮಗಳು ಇಲ್ಲಿ ವೃದ್ಧೆಯೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಮಂಗಳೂರು, ಉಡುಪಿ ಕಡೆಯಿಂದ ಈ ಕೆಲಸಕ್ಕೆ ಬಂದವರು ಇಸ್ರೇಲಿನಲ್ಲಿ ಬಹಳ ಮಂದಿ. ಅಗ್ರಿಪ್ಪಾಸ್ ಕಡೆಯ ಮೂಲೆಯಲ್ಲಿ, ಗಾಲಿ ಚೀಲದಿಂದ ಸೊಪ್ಪು ಹೊರಚಾಚಿಕೊಂಡು, ಅಕ್ಕ ನಿಂತಿದ್ದರು. ಗಂಟು ಅಲ್ಲೇ ಬಿಚ್ಚಿದರು. ಹಪ್ಪಳ, ಕುಚಲಕ್ಕಿ, ಮಾವಿನ ಮಿಡಿ. ಅಡಿಯಲ್ಲಿದ್ದ ಡಬ್ಬಿ ಮೂಸಿ ನೋಡಿ ಜೋರಾಗಿ ನಕ್ಕುಬಿಟ್ಟರು.

“ಸಿಗಡಿ ಚಟ್ನಿ! ಅಮ್ಮನಿಗೆ ಎಷ್ಟು ಹೇಳಿದ್ರೂ ಅಷ್ಟೇ ಮಾರಾಯ್ರೆ. ಇದನ್ನು ಆ ಅಡಿಗೆಮನೆ ಒಳಗೆ ತಕೊಂಡು ಹೋದ್ರೆ ಪಾತ್ರೆ ಎಲ್ಲ ಹೊರಗೆ ಹಾಕ್ಬೇಕು, ನನ್ನನ್ನೂ ಸೇರಿಸಿ.”

ಸಿಗಡಿ ಯಹೂದಿಗಳಿಗೆ ನಿಷಿದ್ಧ. ಈಜುರೆಕ್ಕೆಯೂ ಪೊರೆಯೂ ಇರುವ ಮೀನು ಮಾತ್ರ ಅವರು ತಿನ್ನುವುದು. ಡಬ್ಬಿ ಜೊತೆಗಿದ್ದ ಕೇರಳದ ಗೆಳತಿಯ ಚೀಲ ಸೇರಿತು. ಆಮೇಲೆ ಅಕ್ಕ ನನಗೆ ರಾತ್ರಿಯ ಊಟದ ಕಟ್ಟಳೆ ಹೇಳಿದರು. “ಸಾವ್ತಾ ಹತ್ರ ಕೇಳಿದ್ದೇನೆ, ಕರ್ಕೊಂಡು ಬಾ ಹೇಳಿದ್ದಾರೆ. ಬೆಲ್ ಒತ್ಬೇಡಿ ಅಣ್ಣ. ಬಾಗಿಲು ದೂಡಿದ್ರೆ ಸಾಕು, ತೆರೆದೇ ಇರ್ತದೆ. ಫೋನ್ ಎದುರಿಗೆ ತೆಗಿಬೇಡಿ. ಬರುವಾಗ ಕೈಯಲ್ಲಿ ಎಂತದೂ ಬೇಡ. ಕೊಡುದಿದ್ರೆ ಈಗ್ಲೇ ಕೊಡಿ.” ಪಕ್ಕದ ಅಂಗಡಿಯಲ್ಲಿ ಹೂ ಕೊಂಡು ಅವರ ಚೀಲದೊಳಗೇ ಸಿಕ್ಕಿಸಿದೆ. ಸಾವ್ತಾ ಎಂದರೆ ಇಲ್ಲಿ ಅಜ್ಜಿ. ಆ ಮನೆಯ ಮೊಮ್ಮಕ್ಕಳ ಜೊತೆ ಅಕ್ಕನೂ ಹಾಗೇ ಕರೆಯುತ್ತಾರೆ.

ಹೊತ್ತಿಗೆ ಸರಿಯಾಗಿ ಊರಿನ ಮೇಲೆ ಸೈರನ್ ಕೂಗಿತು. ಗಾಬರಿಯಾಗುವಂಥ ದನಿ, ಆದರೆ ಯಾರೂ ಗಾಬರಿಯಾಗಲಿಲ್ಲ. ಶಬ್ಬಾತ್ ಬಂತೆಂದು ಸಾರುವ ಈ ಏರ್ಪಾಡು ಬಹಳ ಹಳೆಯದು. ಯಹೂದಿಗಳ ಎರಡನೆಯ ದೇವಾಲಯ ನಿಂತಿದ್ದ ಕಾಲದಲ್ಲಿ ಪುರೋಹಿತನೊಬ್ಬ ಮೇಲೆ ನಿಂತು ಕಹಳೆಯೂದಿ ಶಬ್ಬಾತಿನ ಆರಂಭವನ್ನೂ ಮುಕ್ತಾಯವನ್ನೂ ಸಾರುತ್ತಿದ್ದನೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ದೇವಾಲಯದ ದಿಬ್ಬದ ನೈಋತ್ಯ ಮೂಲೆಯ ಬುಡದಲ್ಲಿ ಪುರಾತತ್ವಜ್ಞ ಬೆಂಜಮಿನ್ ಮಜಾರ್ ಉತ್ಖನನ ನಡೆಸಿದಾಗ ಮೇಲಿನಿಂದ ಉರುಳಿಬಿದ್ದ ಕಲ್ಲೊಂದು ಸಿಕ್ಕಿತು. ಅದು ಕಹಳೆ ಊದುವ ಜಾಗವೆಂದು ಅದರ ಮೇಲೇ ಕೊರೆದಿತ್ತು. ಈಗ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿದೆ. ರೋಮನ್ನರು ಕ್ರಿ.ಶ. ೭೦ರಲ್ಲಿ ದೇವಾಲಯ ಕೆಡವಿದರು. ಬಲಿಪೀಠ ಹೋಯಿತು, ಪುರೋಹಿತರ ಪಾಳಿ ಹೋಯಿತು, ಯಾತ್ರೆಯ ಹಬ್ಬಗಳಿಗೆ ಯಾತ್ರೆಯೇ ಇಲ್ಲದಾಯಿತು. ಅಂದಿನ ಶುಕ್ರವಾರದ ಸಂಜೆ ಮಾತ್ರ ಮುಂದಿನ ವಾರವೂ ಬಂದಿರಬೇಕು.

ಹಳೆ ಊರಿನೊಳಗೆ ಇಳಿದು ಕೋತೆಲ್ ತಲುಪಿದೆ. ಪಶ್ಚಿಮದ ಗೋಡೆ ಎಂದು ನಾವು ಕರೆಯುವ ಜಾಗ. ಶಬ್ಬಾತಿನಂದು ಚಿತ್ರ ತೆಗೆಯಬಾರದೆಂದು ಫಲಕವಿದೆ, ಕಾವಲಿನವರೂ ಇದ್ದಾರೆ. ತುಪ್ಪಳದ ಟೋಪಿಯ ವೃದ್ಧರು, ಬಂದೂಕು ಬೆನ್ನಿಗೆ ಹಾಕಿದ ಎಳೆ ಸೈನಿಕರು, ಕೈ ಕೈ ಹಿಡಿದು ಕುಣಿಯುತ್ತ ಇಳಿದು ಬಂದ ಯೆಶೀವಾದ, ಅಂದರೆ ಧರ್ಮಪಾಠಶಾಲೆಯ, ಹುಡುಗರು. ಪ್ರಾರ್ಥನೆಯಲ್ಲಿ ಶಬ್ಬಾತನ್ನು ಮದುವಣಗಿತ್ತಿಯೆಂದು ಎದುರುಗೊಳ್ಳುವ ಹಾಡೊಂದಿದೆ, ‘ಲೆಖಾ ದೋದಿ’. ಗಲಿಲಾಯದ ಸಫೇದ್ ಊರಿನ ಅನುಭಾವಿಗಳು ೧೬ನೇ ಶತಮಾನದಲ್ಲಿ ಬಿಳಿಬಟ್ಟೆ ತೊಟ್ಟು ಹೊಲಕ್ಕೆ ಹೋಗಿ ಈ ದಿನವನ್ನು ಕರೆತರುತ್ತಿದ್ದರಂತೆ. ಅವರ ಬಳಗದ ಶ್ಲೋಮೋ ಅಲ್ಕಬೆತ್ಸ್ ಕಟ್ಟಿದ ಹಾಡು ಅದು. ಕೊನೆಯ ನುಡಿ ಬಂದಾಗ ಎಲ್ಲರೂ ಹಿಂದಿರುಗಿ ನಿಲ್ಲಬೇಕು. ನನ್ನ ಮುಂದಿನ ಸಾಲಿನವರು ಗರಕ್ಕನೆ ತಿರುಗಿದಾಗ ಅವರ ಮುಖಗಳು ನನ್ನ ಕಡೆಗಿದ್ದವು. ಲೋಕದ ಮೂಲೆಮೂಲೆಯಿಂದ ಯಾವ ಗೋಡೆಯನ್ನು ಮುಟ್ಟಲು ಬರುತ್ತಾರೋ ಆ ಗೋಡೆಗೆ ಬೆನ್ನು. ಮುಳುಗುವ ದಿಕ್ಕಿನಿಂದ ಬರುತ್ತಿರುವ ದಿನಕ್ಕೆ ಮುಖ. ಯಹೂದಿ ಚಿಂತಕ ಅಬ್ರಹಾಂ ಜೋಶುವಾ ಹೆಶೆಲ್ ೧೯೫೧ರಲ್ಲಿ ಶಬ್ಬಾತಿನ ಬಗ್ಗೆ ಬರೆದ ಚಿಕ್ಕ ಪುಸ್ತಕದ ವಾದವೂ ಇದೇ ದಿಕ್ಕಿನದು: ಯಹೂದಿಗಳು ತಮ್ಮ ಪವಿತ್ರ ಕಟ್ಟಡವನ್ನು ನೆಲದ ಮೇಲಲ್ಲ, ಕಾಲದಲ್ಲಿ ಕಟ್ಟಿಕೊಂಡರು ಎಂದು. ಓದಿದಾಗ ಚೆಂದದ ಮಾತು ಎನಿಸಿತ್ತು. ಆ ಸಂಜೆ ಅದು ಕಣ್ಣೆದುರು ನಡೆಯಿತು.

ನಖ್ಲಾವೊತ್ ಕೇರಿಯ ಸಾವ್ತಾ ಮನೆಗೆ ನಡೆದೇ ಹೋದೆ. ಬೇರೆ ದಾರಿಯೂ ಇರಲಿಲ್ಲ. ಬಾಗಿಲು ದೂಡಿದರೆ ತೆರೆಯಿತು. ದೀಪಗಳು ಆಗಲೇ ಅರ್ಧ ಉರಿದಿದ್ದವು. ಸಾವ್ತಾ ಬಾಗ್ದಾದಿನಲ್ಲಿ ಹುಟ್ಟಿದವರು. ೧೯೫೦–೫೧ರಲ್ಲಿ ಇರಾಕಿನ ಯಹೂದಿಗಳಲ್ಲಿ ಬಹುಪಾಲು ಜನ ವಿಮಾನವೇರಿ ಬಂದಾಗ ಬಂದವರು. ಅವರ ಮಗ ನಿವೃತ್ತ ಶಾಲಾ ಮೇಷ್ಟ್ರು. ಕೇಳಿದ್ದಕ್ಕೆಲ್ಲ ಎರಡು ಉತ್ತರ ಕೊಡುವ ಮನುಷ್ಯ. ಅವರು ಮಕ್ಕಳ ತಲೆ ಮೇಲೆ ಕೈಯಿಟ್ಟು ಹರಸಿದರು, ದ್ರಾಕ್ಷಾರಸದ ಬಟ್ಟಲೆತ್ತಿ ಕಿದ್ದುಶ್ ಪ್ರಾರ್ಥನೆ ಹೇಳಿದರು. ಕೈ ತೊಳೆದ ಮೇಲೆ ರೊಟ್ಟಿ ಮುರಿಯುವತನಕ ಯಾರೂ ಮಾತಾಡಲಿಲ್ಲ. ಬಟ್ಟೆ ಮುಚ್ಚಿದ ಎರಡು ಹಲ್ಲಾ. ಅರಣ್ಯದಲ್ಲಿ ಮನ್ನಾ ಎಂಬ ಆಹಾರ ಸುರಿಯುತ್ತಿದ್ದಾಗ ಶುಕ್ರವಾರ ಎರಡು ಪಾಲು ಸಿಗುತ್ತಿತ್ತೆಂಬ ನೆನಪಿಗೆ ಎರಡು. ಉಪ್ಪು ಅದ್ದಿ ತುಂಡು ಕೊಟ್ಟರು. ಬೀಟ್‌ರೂಟಿನ ಕೆಂಪು ಸಾರಿನಲ್ಲಿ ತೇಲುವ ಕುಬ್ಬೆ, ರವೆಯ ಹೊದಿಕೆಯೊಳಗೆ ಮಾಂಸ ತುಂಬಿದ ಉಂಡೆ. ಅದನ್ನು ಕೈಯಲ್ಲಿ ತಟ್ಟಿದ್ದು ಅಕ್ಕ.

ಊಟದ ನಡುವೆ ಸಾವ್ತಾ ಸೂರು ನೋಡಿಕೊಂಡು, ಯಾರಿಗೂ ಅಲ್ಲವೆಂಬಂತೆ, ಏನೋ ಹೇಳಿದರು. ಅಕ್ಕ ಎದ್ದು ಹೋಗಿ ಹೀಟರ್ ಹಾಕಿ ಬಂದರು. “ಈ ಕೋಣೆ ಎಷ್ಟು ತಣ್ಣಗುಂಟು ಅಂದ್ರು, ಅಷ್ಟೇ” ಎಂದು ನನಗೆ ಕನ್ನಡದಲ್ಲಿ. ಶಬ್ಬಾತಿನಂದು ತಾನು ಮಾಡಬಾರದ್ದನ್ನು ಯಹೂದಿಯಲ್ಲದವರಿಗೆ ಹೇಳಿ ಮಾಡಿಸಲೂಬಾರದು. ಆದರೆ ಚಳಿಯ ವಿಷಯದಲ್ಲಿ ಎಲ್ಲರೂ ರೋಗಿಗಳ ಲೆಕ್ಕವೇ, ನೇರವಾಗಿ ಕೇಳಬಹುದು ಎನ್ನುತ್ತದೆ ಧರ್ಮಶಾಸ್ತ್ರ. ಜೀವಕ್ಕೆ ಅಪಾಯವಿದ್ದರಂತೂ ಶಬ್ಬಾತನ್ನು ಮುರಿಯುವುದೇ ಕರ್ತವ್ಯ. ಮೇಷ್ಟ್ರು ಇದನ್ನೆಲ್ಲ ತಾಯಿಗೆ ಹಲವು ಸಲ ಹೇಳಿ ಸೋತಿದ್ದಾರೆ. ಸಾವ್ತಾ ಸೂರಿಗೇ ಹೇಳುವುದು.

ಏನೇನು ಮಾಡಬಾರದು? ಹಳೆಯ ಧರ್ಮಶಾಸ್ತ್ರದ ಸಂಗ್ರಹವಾದ ಮಿಶ್ನಾದ ಪಟ್ಟಿಯಲ್ಲಿ ನಲವತ್ತಕ್ಕೆ ಒಂದು ಕಡಿಮೆ ಬಗೆಯ ಕೆಲಸಗಳಿವೆ: ಉಳುವುದು, ಬಿತ್ತುವುದು, ಕೊಯ್ಯುವುದು, ಬೀಸುವುದು, ಬೇಯಿಸುವುದು, ಉಣ್ಣೆ ಕತ್ತರಿಸುವುದು, ನೂಲುವುದು, ಗಂಟು ಹಾಕುವುದು, ಬಿಚ್ಚುವುದು, ಎರಡು ಅಕ್ಷರ ಬರೆಯುವುದು, ಅಳಿಸುವುದು, ಬೆಂಕಿ ಹೊತ್ತಿಸುವುದು, ಆರಿಸುವುದು, ಮನೆಯಿಂದ ಬೀದಿಗೆ ಹೊರುವುದು. ಅರಣ್ಯದಲ್ಲಿ ದೇವರ ಗುಡಾರ ಕಟ್ಟಲು ಬೇಕಾಗಿದ್ದ ಕೆಲಸಗಳೇ ಇವು ಎಂದು ಪಂಡಿತರ ವಿವರಣೆ. ಬೆವರಿಗೂ ಇದಕ್ಕೂ ಸಂಬಂಧವಿಲ್ಲ. ಮನೆಯೊಳಗೆ ಊಟದ ಮೇಜನ್ನು ಆ ಗೋಡೆಯಿಂದ ಈ ಗೋಡೆಗೆ ಎಳೆದಾಡಿ ಸುಸ್ತಾಗಬಹುದು, ಬೆಂಕಿಕಡ್ಡಿ ಗೀರುವಂತಿಲ್ಲ. ವಸ್ತುವನ್ನು ಮಾಡುವುದು, ಕೆಡಿಸುವುದು, ಬದಲಿಸುವುದು ಒಂದು ದಿನ ಬಿಡಬೇಕು, ಅಷ್ಟೇ. ಈ ‘ಅಷ್ಟೇ’ ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಅಡಿಗೆಮನೆಗೆ ಹೋದರೆ ತಿಳಿಯುತ್ತದೆ. ಫ್ರಿಜ್ ತೆರೆದರೆ ಹೊತ್ತಿಕೊಳ್ಳುವ ಬಲ್ಬನ್ನು ಮಧ್ಯಾಹ್ನವೇ ಕಳಚಿಟ್ಟಿದ್ದರು. ಬಚ್ಚಲಿನ ಕಾಗದ ಮೊದಲೇ ಹರಿದಿಟ್ಟ ತುಂಡುಗಳು. ಗೋಡೆಯ ದೀಪಗಳಿಗೆ ತಾನೇ ಆರುವ ಗಡಿಯಾರ. ಬಿಸಿ ತಟ್ಟೆಯ ಮೇಲೆ ನಾಳೆಯ ಅಡುಗೆ ರಾತ್ರಿಯೆಲ್ಲ ಕೂತಿರುತ್ತದೆ. ಊರಿನ ಸುತ್ತ ಕಂಬಗಳ ಮೇಲೆ ಒಂದು ತಂತಿ ಓಡುತ್ತದೆ, ಏರೂವ್ ಎಂದು. ಆ ತಂತಿಯೊಳಗಿನ ಊರೆಲ್ಲ ಒಂದೇ ಮನೆಯಂಗಳವೆಂದು ಒಪ್ಪಿಕೊಂಡು ಮಗುವನ್ನು ಎತ್ತಿಕೊಂಡು ಬೀದಿಗೆ ಬರುತ್ತಾರೆ. ತಂತಿ ತುಂಡಾಗಿಲ್ಲವೆಂದು ವಾರವಾರ ನೋಡಿಬರಲು ಜನರಿದ್ದಾರೆ. ನಗು ಬರುವವರಿಗೆ ಬರಲಿ. ಮೇಷ್ಟ್ರ ಮಗಳಿಗೂ ಬರುತ್ತದೆ. ಅವಳು ಅಂದು ಕಾರಿನಲ್ಲಿ ಬಂದು ಎರಡು ಬೀದಿ ಆಚೆ ನಿಲ್ಲಿಸಿದ್ದಳು. ಅಜ್ಜಿಗೆ ಗೊತ್ತು. ಕೇಳುವುದಿಲ್ಲ.

ಮರುದಿನ ಬೆಳಗ್ಗೆ ಮೇಷ್ಟ್ರು ನನ್ನನ್ನು ತಮ್ಮ ಓಣಿಯ ಚಿಕ್ಕ ಸಿನಗಾಗಿಗೆ ಕರೆದೊಯ್ದರು. ಹಬ್ಬಗಳಲ್ಲಿ ದೊಡ್ಡದು ಯಾವುದು ಎಂದು ಹಿಂದಿನ ರಾತ್ರಿ ಕೇಳಿದ್ದೆ. ಇಸ್ರೇಲಿಗೆ ಬಂದ ಹೊರಗಿನವರು ಯೋಮ್ ಕಿಪ್ಪುರ್ ಎಂದೇ ಹೇಳುತ್ತಾರೆ. ಪ್ರಾಯಶ್ಚಿತ್ತದ ಆ ದಿನ ದೇವರನ್ನು ನಂಬದವರೂ ವಾಹನ ತೆಗೆಯುವುದಿಲ್ಲ. ಹೆದ್ದಾರಿಯಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಾರೆ. ಐಗುಪ್ತದಿಂದ ಬಿಡುಗಡೆಯಾದ ನೆನಪಿನ ಪಸ್ಕ ಹಬ್ಬವೂ ಕಡಿಮೆಯದಲ್ಲ. ಮೇಷ್ಟ್ರು, “ನಾಳೆ ಎಣಿಸಿ” ಎಂದಿದ್ದರು. ಧರ್ಮಗ್ರಂಥವಾದ ತೋರಾದ ಸುರುಳಿ ತೆರೆದ ಮೇಲೆ ಓದಿಗೆ ಒಬ್ಬೊಬ್ಬರನ್ನೇ ಕರೆಯುತ್ತಾರೆ. ಎಣಿಸಿದೆ. ಏಳು ಮಂದಿ.

ಹೊರಗೆ ಬಂದು ಬೆರಳು ಮಡಚಿ ಹೇಳಿದರು: ಸೋಮವಾರ, ಗುರುವಾರದ ಓದಿಗೆ ಮೂವರು. ಅಮಾವಾಸ್ಯೆ ಕಳೆದು ಹೊಸ ತಿಂಗಳು ಹುಟ್ಟಿದ ದಿನ ನಾಲ್ವರು. ಪಸ್ಕದಂಥ ಹಬ್ಬಕ್ಕೆ ಐವರು. ಯೋಮ್ ಕಿಪ್ಪುರಿಗೆ ಆರು. ಶಬ್ಬಾತಿಗೆ ಏಳು. ಮಿಶ್ನಾದ ಕಾಲದಿಂದ ಇದೇ ಶ್ರೇಣಿ. ಬೇರೆ ಸಾಕ್ಷಿಗಳೂ ಇದರ ಕಡೆಗೇ ನಿಲ್ಲುತ್ತವೆ. ದಶಾಜ್ಞೆಗಳಲ್ಲಿ ಹೆಸರು ಪಡೆದ ಹಬ್ಬ ಇದೊಂದೇ. ಯಾಜಕಕಾಂಡ ಹಬ್ಬಗಳನ್ನು ಹೇಳಹೊರಟಾಗ ಮೊದಲು ಶಬ್ಬಾತ್, ಆಮೇಲೆ ಪಸ್ಕ. ಹಬ್ಬದ ದಿನ ಉರಿಯುವ ಬೆಂಕಿಯಲ್ಲಿ ಅಡುಗೆ ಮಾಡಬಹುದು. ಶಬ್ಬಾತಿನಂದು ಅದೂ ಇಲ್ಲ. ಹೊಸವರ್ಷದ ರೋಶ್ ಹಶನಾ ಶನಿವಾರ ಬಂದರೆ, ಆ ಹಬ್ಬದ ಜೀವವೇ ಆದ ಟಗರುಕೊಂಬಿನ ಕಹಳೆ ಅಂದು ಊದುವುದಿಲ್ಲ. ದೇವಾಲಯ ಬಿದ್ದ ದುಃಖದ ಉಪವಾಸ ಶನಿವಾರ ಬಂದರೆ ಭಾನುವಾರಕ್ಕೆ ಸರಿಯುತ್ತದೆ. ಸಾವಿನ ಮನೆಯಲ್ಲಿ ಏಳು ದಿನ ನೆಲ ಹಿಡಿದು ಕೂತವರೂ ಶಬ್ಬಾತಿಗೆ ಎದ್ದು, ಹರಿದ ಬಟ್ಟೆ ತೆಗೆದಿಟ್ಟು, ಬೇರೆ ಉಡುತ್ತಾರೆ. ಪಕ್ಕಕ್ಕೆ ಸರಿಯದ ಉಪವಾಸ ಯೋಮ್ ಕಿಪ್ಪುರ್ ಒಂದೇ. ತೋರಾ ಅದನ್ನು ಕರೆಯುವುದೂ ಶಬ್ಬಾತಿನ ಹೆಸರಿನಿಂದಲೇ.

ಇಷ್ಟಾದರೂ ಈ ಪಟ್ಟಿ ನನಗೆ ಪೂರ್ತಿ ಉತ್ತರವೆನಿಸಲಿಲ್ಲ. ಪಟ್ಟಿ ಪಟ್ಟವನ್ನು ತೋರಿಸುತ್ತದೆ, ಪಟ್ಟ ಬಂದ ಕಾರಣವನ್ನಲ್ಲ. ಅದು ಸಿಕ್ಕಿದ್ದು ಸಾವ್ತಾ ಅವರ ಬಾಯಲ್ಲಿ, ತ್ಬೀತ್ ಬಡಿಸುವ ಹೊತ್ತಿಗೆ. ಹಿಂದಿನ ದಿನದಿಂದ ಬಿಸಿ ತಟ್ಟೆಯ ಮೇಲೆ ಕೂತಿದ್ದ ಬಾಗ್ದಾದಿನ ಅಡುಗೆ: ಕೋಳಿಯೊಳಗೆ ಅನ್ನ, ಸುತ್ತಲೂ ಅನ್ನ, ತಳ ಹಿಡಿದು ಗರಿಗರಿಯಾದ ಪದರ. ಅದರ ಮುಚ್ಚಳದ ಮೇಲೆ ರಾತ್ರಿಯಿಡೀ ಕಂದಿದ ಮೊಟ್ಟೆಗಳನ್ನು ಬೆಳಗ್ಗೆಯೇ ತಿಂದಾಗಿತ್ತು. “ಬಾಗ್ದಾದಿನಲ್ಲಿ ಪಸ್ಕದ ಮೊದಲ ಹಬ್ಬ ಎರಡು ದಿನ ಮಾಡುತ್ತಿದ್ದೆವು” ಎಂದರು. ಅಕ್ಕ ಕನ್ನಡಕ್ಕೆ ತರುತ್ತಿದ್ದರು. “ಇಲ್ಲಿ ಇಳಿದ ಮೇಲೆ ಒಂದೇ ದಿನ ಅಂದ್ರು. ವಿಮಾನದಲ್ಲಿ ಒಂದು ದಿನದ ಹಬ್ಬ ಎಲ್ಲೋ ಬಿದ್ದು ಹೋಯ್ತು. ಶಬ್ಬಾತ್ ಮಾತ್ರ ಅಲ್ಲಿಯೂ ಒಂದು, ಇಲ್ಲಿಯೂ ಒಂದು.”

ಮೇಷ್ಟ್ರು ಬಿಡಿಸಿ ಹೇಳಿದರು. ಯಹೂದಿ ಪಂಚಾಂಗ ಚಾಂದ್ರಮಾನದ್ದು, ಅಧಿಕಮಾಸವೂ ಉಂಟು. ಹಿಂದೆ ಹೊಸಚಂದ್ರನನ್ನು ಕಣ್ಣಾರೆ ಕಂಡ ಸಾಕ್ಷಿಗಳು ಬಂದು ಹೇಳಬೇಕು, ನ್ಯಾಯಸಭೆ ಅವರನ್ನು ವಿಚಾರಿಸಿ ತಿಂಗಳನ್ನು ಘೋಷಿಸಬೇಕು. ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿಯ ಸನ್ನೆ, ಆಮೇಲೆ ಓಲೆಕಾರರು. ದೂರದ ಬಾಬಿಲೋನಿನವರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಹಬ್ಬ ಇಂದೋ ನಾಳೆಯೋ ಎಂಬ ಅನುಮಾನ. ಅದಕ್ಕೆ ಎರಡೂ ದಿನ ಆಚರಿಸಿದರು. ಲೆಕ್ಕದ ಪಂಚಾಂಗ ಬಂದ ಮೇಲೂ ಹೊರದೇಶದವರು ಎರಡು ದಿನ ಬಿಡಲಿಲ್ಲ. ಶಬ್ಬಾತಿಗೆ ಇದ್ಯಾವುದೂ ಬೇಡ. ಅದು ಚಂದ್ರನನ್ನು ಕಾಯುವುದಿಲ್ಲ, ಸುಗ್ಗಿಯನ್ನು ಕಾಯುವುದಿಲ್ಲ, ನ್ಯಾಯಸಭೆಯ ಸಹಿ ಕೇಳುವುದಿಲ್ಲ. ದೇವಾಲಯವಿಲ್ಲದಿದ್ದರೂ, ಪಂಚಾಂಗ ಕಳೆದುಹೋದರೂ, ಏಳರವರೆಗೆ ಎಣಿಸಲು ಬರುವವನು ಅದನ್ನು ಆಚರಿಸಬಲ್ಲ. ಬೇರೆ ಹಬ್ಬಗಳ ದಿನವನ್ನು ಮನುಷ್ಯರು ನಿಲ್ಲಿಸಿಕೊಂಡರು. ಈ ದಿನ ಮನುಷ್ಯರನ್ನು ನಿಲ್ಲಿಸುತ್ತದೆ. ಊರೂರು ಓಡಿಸಲ್ಪಟ್ಟ ಜನಕ್ಕೆ ಇಷ್ಟು ಹಗುರವಾದ ಹಬ್ಬ ಇದ್ದದ್ದು ಸಾಮಾನ್ಯ ಸಂಗತಿಯಲ್ಲ.

ರೋಮಿನ ತತ್ವಜ್ಞಾನಿ ಸೆನೆಕಾನಿಗೆ ಇದು ಮೈಗಳ್ಳತನವಾಗಿ ಕಂಡಿತ್ತು. ಆಯುಷ್ಯದ ಏಳನೆಯ ಒಂದು ಪಾಲನ್ನು ಇವರು ಸುಮ್ಮನೆ ಕೂತು ಕಳೆಯುತ್ತಾರೆಂದು ಅವನ ದೂರು. ಗುಲಾಮರ ಮೇಲೆ ನಿಂತಿದ್ದ ಸಾಮ್ರಾಜ್ಯದ ಶ್ರೀಮಂತ ಬೇರೆ ಏನು ಹೇಳಿಯಾನು?

ಊಟದ ಮೇಲೆ ಮನೆ ಮಲಗಿತು. ಅಕ್ಕ, ನಾನು ಹೊರಗಿನ ಕಲ್ಲುಮೆಟ್ಟಿಲ ಮೇಲೆ ಬಿಸಿಲಿಗೆ ಕೂತೆವು. ನಿಮಗೂ ಇವತ್ತು ವಿಶ್ರಾಂತಿಯಾ ಎಂದೆ.

“ವಿಶ್ರಾಂತಿ ಅವರ್ದು, ತಯಾರಿ ನಂದು” ಎಂದು ನಕ್ಕರು. “ಗುರುವಾರ ರಾತ್ರಿಯಿಂದ ಶುರು. ಕುಬ್ಬೆ ತಟ್ಟಿ, ನೆಲ ಒರಸಿ, ಸಾವ್ತಾಗೆ ಸ್ನಾನ ಮಾಡ್ಸಿ, ಕೂದ್ಲು ಬಾಚಿ, ಸೈರನ್ ಆಗುವಾಗ ನನ್ನ ಸೊಂಟ ಇರುದಿಲ್ಲ ಅಣ್ಣ. ಆದ್ರೆ ಸುಳ್ಳು ಹೇಳ್ಬಾರ್ದು. ಇವತ್ತು ಬಟ್ಟೆ ಒಗಿಲಿಕ್ಕಿಲ್ಲ, ಗುಡಿಸ್ಲಿಕ್ಕಿಲ್ಲ, ಒಲೆ ಹತ್ರ ಹೋಗ್ಲಿಕ್ಕಿಲ್ಲ. ನಾನು ಗಲ್ಫಲ್ಲಿ ಇದ್ದ ಮನೆಯಲ್ಲಿ ವಾರ ಅಂತ ಒಂದು ಇರ್ಲೇ ಇಲ್ಲ. ಇಂದು ಸೋಮವಾರವಾ ಗುರುವಾರವಾ, ಫೋನ್ ನೋಡ್ಬೇಕಿತ್ತು.”

ಅವರಿಗೆ ರಜೆ ಶನಿವಾರ ರಾತ್ರಿಯಿಂದ ಭಾನುವಾರ ರಾತ್ರಿವರೆಗೆ. ಇಗರ್ಜಿಯ ಪೂಜೆಗೆ ಹೋಗಬೇಕಲ್ಲ, ಅದಕ್ಕೇ ಭಾನುವಾರ. ಇಸ್ರೇಲಿನ ೧೯೫೧ರ ಕಾನೂನು ವಾರಕ್ಕೊಂದು ಸುದೀರ್ಘ ವಿಶ್ರಾಂತಿಯನ್ನು ಹಕ್ಕು ಮಾಡಿದೆ, ಯಹೂದಿಯಲ್ಲದವರು ಶುಕ್ರವಾರವನ್ನೋ ಶನಿವಾರವನ್ನೋ ಭಾನುವಾರವನ್ನೋ ಆರಿಸಿಕೊಳ್ಳಬಹುದು. ಶನಿವಾರ ರಜೆ ತೆಗೆದುಕೊಳ್ಳುವ ಗೆಳತಿಯರ ಪಾಡು ಬೇರೆ: ರಜೆ ಉಂಟು, ಬಸ್ಸಿಲ್ಲ, ಹಂಚಿಕೊಂಡು ಹೋಗುವ ವ್ಯಾನಿಗೆ ಹೆಚ್ಚು ದುಡ್ಡು ತೆರಬೇಕು.

ಅಕ್ಕ ಬೈಬಲ್ ಓದುವವರು. ದಶಾಜ್ಞೆಗಳು ಎರಡು ಕಡೆ ಬರುತ್ತವೆ, ಎರಡರಲ್ಲೂ ಈ ಏಳನೆಯ ದಿನಕ್ಕೆ ಬೇರೆ ಬೇರೆ ಕಾರಣ ಉಂಟಲ್ಲ ಎಂದು ಅವರೇ ಎತ್ತಿದರು. ವಿಮೋಚನಕಾಂಡದಲ್ಲಿ, ಆರು ದಿನ ಲೋಕ ಸೃಷ್ಟಿಸಿ ದೇವರು ಏಳನೆಯ ದಿನ ನಿಂತದ್ದು. ಧರ್ಮೋಪದೇಶಕಾಂಡದಲ್ಲಿ, ನೀವೂ ಐಗುಪ್ತದಲ್ಲಿ ಗುಲಾಮರಾಗಿದ್ದಿರಿ ಎಂಬ ನೆನಪು; ಅದಕ್ಕಾಗಿ ನಿಮ್ಮ ದಾಸ, ದಾಸಿ, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ, ಎಲ್ಲರೂ ನಿಮ್ಮ ಹಾಗೆಯೇ ನಿಲ್ಲಲಿ ಎಂದು. ಮೊದಲನೆಯದು ಭವ್ಯವಾದ ಕಾರಣ, ಅದರ ಮೇಲೆ ಹಾಡು ಕಟ್ಟಬಹುದು. ನನಗೆ ಎರಡನೆಯದರ ಮೇಲೇ ನಂಬಿಕೆ. ಶಬ್ಬಾತ್ ಉಳಿದ ಹಬ್ಬಗಳಿಗಿಂತ ಮೇಲೇರುವುದು ಅಲ್ಲಿ. ಪಸ್ಕ ವರ್ಷಕ್ಕೊಮ್ಮೆ ಬಿಡುಗಡೆಯ ಕಥೆ ಹೇಳುತ್ತದೆ. ಶಬ್ಬಾತ್ ವಾರಕ್ಕೊಮ್ಮೆ, ನಿನ್ನ ಕೈಕೆಳಗಿನವರನ್ನು ಬಿಟ್ಟೆಯಾ ಎಂದು ಲೆಕ್ಕ ಕೇಳುತ್ತದೆ. “ಪರದೇಶಿ ಅಂದ್ರೆ ನಾನೇ ಅಲ್ವಾ?” ಎಂದರು ಅಕ್ಕ. ಒಳಗಿನಿಂದ ಸಾವ್ತಾ ಕರೆದರು, ಎದ್ದು ಹೋದರು.

ನಾನು ಮೆಯಾ ಶೆಯಾರಿಮ್ ಕಡೆ ನಡೆದೆ. ೧೮೭೪ರಲ್ಲಿ ಕಟ್ಟಿದ, ಕಟ್ಟಾ ಸಂಪ್ರದಾಯಸ್ಥರ ಕೇರಿ. ಬೀದಿಯ ಬಾಯಿಗೆ ಅಡ್ಡಗಟ್ಟೆ, ವಾಹನ ಬರುವಂತಿಲ್ಲ. ಈ ದಿನವನ್ನು ಅವರು ಪ್ರೀತಿಸುವಷ್ಟೇ ಬಲವಾಗಿ ಇತರರ ಮೇಲೆ ಹೇರುವವರೂ ಹೌದು. ೨೦೦೯ರಲ್ಲಿ ಹಳೆ ಊರಿನ ಹತ್ತಿರದ ಪಾರ್ಕಿಂಗ್ ಜಾಗವೊಂದನ್ನು ಶನಿವಾರ ತೆರೆದದ್ದಕ್ಕೆ ವಾರಗಟ್ಟಲೆ ಬೀದಿಗಿಳಿದು ಗಲಾಟೆ ಮಾಡಿದರು. ಟೆಲ್ ಅವೀವಿನವರು ೨೦೧೯ರಲ್ಲಿ ಶಬ್ಬಾತಿಗೂ ಪುಕ್ಕಟೆ ಬಸ್ಸು ಬಿಟ್ಟು ತಮ್ಮ ಉತ್ತರ ಕೊಟ್ಟರು. ನಿಲ್ಲುವ ಹಕ್ಕು ಕೊಡುವ ದಿನ ನಿಲ್ಲಿಸುವ ಹುಕುಮಾಗಿ ಬದಲಾದಾಗ ಅದರ ರುಚಿ ಕೆಡುತ್ತದೆ. ಟೆಲ್ ಅವೀವಿನವರ ಕಡೆ ನನ್ನ ಅರ್ಧ ಮತ. ಮಿಕ್ಕ ಅರ್ಧ ಬಸ್ಸಿನ ಚಾಲಕನಿಗೆ. ಮೆಯಾ ಶೆಯಾರಿಮಿನಿಂದ ಸ್ವಲ್ಪವೇ ದೂರ, ಹಳೆ ಊರಿನ ದಮಾಸ್ಕಸ್ ಬಾಗಿಲ ಮುಂದೆ ಶನಿವಾರವೆಂಬುದೇ ಇಲ್ಲ. ಅರಬರ ಬಸ್ಸುಗಳು ತುಂಬಿ ಹೊರಡುತ್ತಿದ್ದವು, ಎಳ್ಳು ಮೆತ್ತಿದ ಉದ್ದ ಬ್ರೆಡ್ಡಿನ ಗಾಡಿಗಳ ಸುತ್ತ ಮಕ್ಕಳು. ಶುಕ್ರವಾರ ಒಬ್ಬರದು, ಶನಿವಾರ ಇನ್ನೊಬ್ಬರದು, ಭಾನುವಾರ ಮತ್ತೊಬ್ಬರದು. ಗೋಡೆಯೊಳಗಿನ ಆ ಸಣ್ಣ ಊರು ಪೂರ್ತಿಯಾಗಿ ನಿಲ್ಲುವ ದಿನವೇ ಇಲ್ಲ.

ಮೂರು ನಕ್ಷತ್ರ ಕಂಡ ಮೇಲೆ ಮನೆಗಳಲ್ಲಿ ಹೆಣೆದ ಮೇಣದ ಬತ್ತಿ ಹಚ್ಚಿ, ಲವಂಗ ಮೂಸಿ, ದಿನವನ್ನು ಕಳಿಸಿಕೊಟ್ಟರು. ರೈಲು ಗಂಟೆ ಬಾರಿಸುತ್ತ ಮತ್ತೆ ಹೊರಟಿತು.

ಭಾನುವಾರ ಇಲ್ಲಿ ಕೆಲಸದ ದಿನ. ರಾಮ್ಲಾ ಊರಿಗೆ ಹೋದೆ. ಅಲ್ಲಿ, ಪಕ್ಕದ ಲೋದ್‌ನಲ್ಲಿ, ದಕ್ಷಿಣದ ದಿಮೋನಾದಲ್ಲಿ ಬೆನೆ ಇಸ್ರೇಲ್ ಯಹೂದಿಗಳಿದ್ದಾರೆ, ಕೊಂಕಣದಿಂದ ಬಂದವರು. ಮೆಂತ್ಯ, ಪೋಹೆ, ಹುಣಸೆಹಣ್ಣು ಮಾರುವ ಅಂಗಡಿಯೊಂದರಲ್ಲಿ ವಯಸ್ಸಾದ ಕಾಕಾ ಒಬ್ಬರು ನನ್ನ ಮುರುಕು ಮರಾಠಿಗೆ ಸಂತೋಷಪಟ್ಟು ಸ್ಟೂಲು ಎಳೆದು ಕೂರಿಸಿದರು. ಅಲಿಬಾಗ್ ಹತ್ತಿರದ ನವಗಾಂವ್ ಕಡಲಲ್ಲಿ ಹಡಗು ಒಡೆದು, ಏಳು ಜೋಡಿ ಗಂಡಹೆಂಡಿರು ದಡ ಸೇರಿದರೆಂಬುದು ಅವರ ಮೂಲಕಥೆ. ಗ್ರಂಥಗಳು ಸಮುದ್ರದ ಪಾಲು. ಶತಮಾನಗಳ ಕಾಲ ಬೇರೆ ಯಹೂದಿಗಳ ಸಂಪರ್ಕವಿಲ್ಲದೆ ಕೊಂಕಣದ ಹಳ್ಳಿಗಳಲ್ಲಿ ಗಾಣ ತಿರುಗಿಸಿ ಬದುಕಿದರು. ಹೀಬ್ರೂ ಮರೆತರು. ಉಳಿದದ್ದು ಸುನ್ನತಿ, ಊಟದ ಕೆಲವು ನಿಯಮ, ‘ಶೆಮಾ’ ಎಂಬ ಒಂದು ಪ್ರಾರ್ಥನೆ ಮತ್ತು ಶನಿವಾರ. ಅಂದು ಗಾಣ ಕಟ್ಟುತ್ತಿರಲಿಲ್ಲ. ನೆರೆಯವರು ಅವರಿಗಿಟ್ಟ ಹೆಸರು ‘ಶನಿವಾರ ತೇಲಿ’, ಶನಿವಾರದ ಗಾಣಿಗರು. ಊರಿಗೆ ಗೊತ್ತಿದ್ದ ಅವರ ಧರ್ಮ ಅಷ್ಟೇ. ಇವರು ಯಹೂದಿಗಳೆಂದು ಮುಂದೆ ಹೊರಗಿನವರಿಗೆ ಹೊಳೆಯಲೂ ಆ ಬಿಡುವಿನ ದಿನ ಒಂದು ಗುರುತಾಯಿತು.

೧೯೪೮ರ ನಂತರ ಬಹುಪಾಲು ಜನ ಇಲ್ಲಿಗೆ ಬಂದರು. ಬಂದವರ ಮದುವೆ ಮಾಡಿಸಲು ಇಲ್ಲಿನ ಧರ್ಮಪಂಡಿತರು ವಂಶದ ವಿಚಾರಣೆ ಕೇಳಿದರು. ಧರಣಿ, ಮೆರವಣಿಗೆ ನಡೆದವು. ಪೂರ್ಣ ಯಹೂದಿಗಳೆಂದು ಒಪ್ಪಿಕೊಂಡದ್ದು ೧೯೬೪ರಲ್ಲಿ. “ಪುಸ್ತಕವಿಲ್ಲದೆ ಶಬ್ಬಾತ್ ಇಟ್ಟುಕೊಂಡವರನ್ನು ಪುಸ್ತಕ ಇಟ್ಟುಕೊಂಡವರು ಪರೀಕ್ಷೆ ಮಾಡಿದರು” ಎಂದು ಕಾಕಾ ಪೋಹೆಯ ಚೀಲ ಕಟ್ಟುತ್ತ ಹೇಳಿದರು. ಸಿಟ್ಟು ಇನ್ನೂ ಪೂರ್ತಿ ಹೋಗಿರಲಿಲ್ಲ.

ಸೋಮವಾರ ಗಾಣ ನಿಲ್ಲಿಸುವ ಬೇರೆ ತೇಲಿಗಳೂ ಆ ಕಡೆ ಇದ್ದರಂತೆ, ಶಿವನ ದಿನವೆಂದು. ನಮ್ಮ ಕಡೆಯೂ ಹಾಗೇ ಎಂದೆ. ಧಾರವಾಡ ಸೀಮೆಯಲ್ಲಿ ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ನಮ್ಮ ಅಜ್ಜ ಎಂಥ ಹದದ ಮಳೆ ಬಿದ್ದರೂ ಅಂದು ನೊಗ ಮುಟ್ಟುತ್ತಿರಲಿಲ್ಲ. ಕಾಕಾ ಕೈಯಲ್ಲಿದ್ದ ದಾರ ಬಿಟ್ಟು ಆಸೆಯಿಂದ ಕೇಳಿಸಿಕೊಂಡರು.

“ಒಳ್ಳೆಯದು” ಎಂದರು. “ಎತ್ತಿಗಷ್ಟೇಯೋ, ಆಳಿಗೂ ಬಿಡುವೋ?”

ಎತ್ತಿಗಷ್ಟೇ ಎಂದೆ. ಆಳು ಅಂದು ಬೇಲಿ ಕಟ್ಟುತ್ತಿದ್ದ, ಮೇವು ಕೊಯ್ದು ತರುತ್ತಿದ್ದ, ಆ ಎತ್ತುಗಳನ್ನೇ ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಮೈ ತೊಳೆಯುತ್ತಿದ್ದ.